ಓಸ್ಟರ್‌ಮನ್ನನ ಬಲಗಾಲು, ಲೈಲನ ಎಡಗಣ್ಣು

ಲೈಲ್ ವೊಬೊರಿಲ್ ಎಡಗಣ್ಣು ಮುಚ್ಚಿದನೆಂದರೆ ಪ್ಲಾಟ್ ನದಿಯ ಈಚೆಯ ಮೂರು ಕೌಂಟಿಗಳಲ್ಲಿ ಹೋರಿಗಳು ಹೊಟ್ಟೆ ಎಳೆದುಕೊಂಡು ನೆಟ್ಟಗೆ ನಿಲ್ಲುತ್ತಿದ್ದವು ಎಂದು ಪ್ರತೀತಿ. ತೆರೆದಿರುತ್ತಿದ್ದ ಬಲಗಣ್ಣು ಬರಿಯ ದಾರಿ ನೋಡುವುದಕ್ಕೆ. ಮೂಳೆ, ಮಾಂಸ, ಆಯುಸ್ಸು ಎಲ್ಲ ಕಾಣುತ್ತಿದ್ದದ್ದು ಮುಚ್ಚಿದ ಎಡಗಣ್ಣಿಗೆ. ಒಮ್ಮೆ ಅವನು ಒಂದು ಹೋರಿಯನ್ನು ಹಾಗೆ ನೋಡಿ ಸಾವಿರದ ಇನ್ನೂರ ಹತ್ತು ಪೌಂಡು ಎಂದ. ತೂಕದ ಕಟ್ಟೆ ಐದು ಪೌಂಡು ಹೆಚ್ಚು ತೋರಿಸಿತು. ಸಂತೆಯವರು ಕಟ್ಟೆಯನ್ನೇ ರಿಪೇರಿಗೆ ಕೊಟ್ಟರು. ಇನ್ನೊಮ್ಮೆ ಚರ್ಚಿನಲ್ಲಿ ತೂಕಡಿಕೆ ಹತ್ತಿ ಆ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಎದುರಿಗಿದ್ದ ಪಾದ್ರಿ ತಮಗೇನೋ ಒಳರೋಗವಿದೆಯೆಂದು ಬೆವೆತು, ಪ್ರವಚನವನ್ನು ಅರ್ಧಕ್ಕೇ ಮುಗಿಸಿ, ಸೋಮವಾರ ಬೆಳಿಗ್ಗೆಯೇ ಡಾಕ್ಟರ ಬಾಗಿಲಲ್ಲಿ ನಿಂತಿದ್ದರಂತೆ.

ಅವನ ಹೆಂಡತಿಯಾಗಿದ್ದ ನೋರೀನ್ ಮಾತ್ರ ಇದನ್ನು ನಂಬಲಿಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿ ಬಿಟ್ಟುಹೋಗುವಾಗ ಅವಳು ಹೇಳಿದ್ದು ಇಷ್ಟೇ: "ಎರಡೂ ಕಣ್ಣು ಬಿಟ್ಟಾಗಲೇ ನಿನಗೆ ಏನೂ ಕಾಣ್ತಿರಲಿಲ್ಲ." ಹೋದದ್ದೂ ದೂರವೇನಲ್ಲ. ದನಗಳ ಹರಾಜುಕಟ್ಟಡದ ಹಿಂಬದಿಯ ಕ್ಯಾಂಟೀನು ಹಿಡಿದಳು. ಲೈಲ್ ಮುಂದೆ ಹರಾಜಿನ ಕಣದಲ್ಲಿ ಕೋಲು ಹಿಡಿದು ದನಗಳನ್ನು ಅಟ್ಟಿ ತೂಕ ಕೂಗುತ್ತಿದ್ದ, ನೋರೀನ್ ಹಿಂದೆ ಅವೇ ದನಗಳನ್ನು ಹುರಿಯುತ್ತಿದ್ದಳು.

ಆ ಕ್ಯಾಂಟೀನಿನಲ್ಲಿ ಹತ್ತು ಗಂಡಸರು ಹತ್ತೊಂಬತ್ತು ವರ್ಷಗಳಿಂದ, ತಾವೆಂದೂ ಮುಟ್ಟದ ಚೆಂಡಿನ ಮೇಲೆ ಸಾಮ್ರಾಜ್ಯ ನಡೆಸಿದ್ದರು. ಆಗಸ್ಟ್ ಕೊನೆಗೆ ಸುತ್ತ ಕೂತು, ಚೆಂಡನ್ನು ಕಂಕುಳಲ್ಲಿ ಹೊತ್ತು ಓಡುವ ಫುಟ್‌ಬಾಲಿನ ದೇಶದ ವೃತ್ತಿಪರ ಆಟಗಾರರನ್ನು ಸರದಿಯಂತೆ ಹಂಚಿಕೊಳ್ಳುವುದು. ಆ ಆಟಗಾರ ನಿಜವಾದ ಮೈದಾನದಲ್ಲಿ ಎಷ್ಟು ಗಜ ಓಡಿದ, ಎಷ್ಟು ಸಲ ಎದುರಾಳಿಯ ಕೊನೆಗೆರೆ ದಾಟಿದ ಎನ್ನುವುದೇ ಇಲ್ಲಿ ಅವನ ಯಜಮಾನನ ಅಂಕ. ವಾರಕ್ಕೊಬ್ಬ ಯಜಮಾನನ ಎದುರು ಯುದ್ಧ. ಗೆದ್ದ ಚಕ್ರವರ್ತಿಗೆ ಒಂದು ತಗಡಿನ ಲೋಟ. ಆದರೆ ಲೋಟ ಯಾರಿಗೂ ಬೇಕಿರಲಿಲ್ಲ, ಕೊನೆಯವನಾಗದಿದ್ದರೆ ಸಾಕಿತ್ತು.

ಏಕೆಂದರೆ ಕೊನೆಯವನಿಗೆ ಮಾರ್ಚ್‌ನ ಮೊದಲ ಮಂಗಳವಾರ ಕಾದಿರುತ್ತಿತ್ತು. ಅಂದು ಊರೆಲ್ಲ ಸೇರಿದ ಸಂತೆಯಲ್ಲಿ, ಸೊಂಟಕ್ಕೆ ನಂಬರಿನ ಚೀಟಿ ಅಂಟಿಸಿ, ದನದ ಬಾಗಿಲಿನಿಂದಲೇ ಅವನನ್ನು ಕಣಕ್ಕೆ ಹೊಡೆಯುತ್ತಿದ್ದರು. ತೂಕ ಮಾಡಿ ಹಲಗೆಯ ಮೇಲೆ ತೋರಿಸುತ್ತಿದ್ದರು. ಒಬ್ಬ ಮೈಕು ಹಿಡಿದು ಅವನ ಕುಂದುಗಳನ್ನು ಕೂಗುತ್ತಿದ್ದ. ಆಮೇಲೆ ಹರಾಜು, ಕೊಂಡವನ ಕೊಟ್ಟಿಗೆಯಲ್ಲಿ ಒಂದು ದಿನ ಸಗಣಿ ಬಾಚಬೇಕು. ಈ ಮಹಾಪದ್ಧತಿಯನ್ನು ಕಂಡುಹಿಡಿದವನು ಲೈಲ್. ಕುಂದು ಕೂಗುವ ಪಟ್ಟವೂ ಅವನದೇ. ಹೋದ ಮಾರ್ಚ್‌ನಲ್ಲಿ ಗ್ಯಾಸ್ ಲಾರಿ ಓಡಿಸುವ ಡೇಲ್ ಪೊಸ್ಪಿಶಿಲ್ ಕಣದಲ್ಲಿ ನಿಂತಿದ್ದಾಗ ಲೈಲ್ ಎಡಗಣ್ಣು ಮುಚ್ಚಿ ಕೂಗಿದ್ದ: "ತೊಡೆ ಬರೀ ನೀರು. ಗೊರಸು ಸವೆದಿದೆ. ಬೀಜಕ್ಕಂತೂ ಇಟ್ಕೋಬೇಡಿ ಸ್ವಾಮಿ, ಹದಿನೆಂಟು ವರ್ಷ ಕಾದು ನೋಡಿದ್ದಾಗಿದೆ!"

ಮೆಟ್ಟಿಲಲ್ಲಿ ಕೂತ ಇನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಡೇಲನ ಹೆಂಡತಿ ತನ್ನ ಕೈಚೀಲದ ಜಿಪ್ಪನ್ನು ಎರಡು ಸಲ ತೆಗೆದು ಎರಡು ಸಲ ಹಾಕಿದಳು. ಡೇಲ್ ಕೂಡ ನಕ್ಕ. ನಗದಿದ್ದರೆ ಬೆಲೆ ಇನ್ನೂ ಇಳಿಯುತ್ತದೆ.

ಈ ಸಲದ ಆಗಸ್ಟ್‌ನಲ್ಲಿ ಮೊದಲ ಸರದಿ ಲೈಲನದು. ಆರಿಸಿಕೊಳ್ಳಬೇಕಾದವನು ಯಾರೆಂದು ತೊಟ್ಟಿಲ ಕೂಸಿಗೂ ಗೊತ್ತಿತ್ತು: ವೇಡ್ ಓಸ್ಟರ್‌ಮನ್, ಚೆಂಡು ಹೊತ್ತು ಓಡುವವನು, ಕಾನ್ಸಾಸಿನ ಗೋಧಿ ಹೊಲದ ಇಪ್ಪತ್ತಮೂರರ ಹುಡುಗ. ಲೈಲ್ ಟಿವಿಯ ಸದ್ದು ಅಡಗಿಸಿದ. ಹುಡುಗ ಪರದೆಯ ಮೇಲೆ ಮೂರು ಸಲ ಓಡಿದ. ಎಡಗಣ್ಣು ಮುಚ್ಚಿತು. ಒಲೆಯ ಮೇಲೆ ನೋರೀನಳ ಈರುಳ್ಳಿ ಹುರಿಯುತ್ತಿತ್ತು.

"ಬೇಡ," ಎಂದ ಲೈಲ್. "ಬಲಗಾಲು ಊರೋದು ನೋಡ್ರೋ. ಇದು ಮುರಿಯೋ ಕಾಲು."

"ಲೇ, ಅವನು ದೇಶಕ್ಕೇ ಒಂದನೇ ನಂಬರು ಕಣೋ!" ಎಂದ ಹರಾಜುಗಾರ ಲಿಂಡ್‌ಕ್ವಿಸ್ಟ್.

"ದೇಶ ದನ ಸಾಕಿದೆಯೇನೋ?"

ಲೈಲ್ ಆರಿಸಿದ್ದು ಹಾಲಿಸ್ ಪ್ರೂಯಿಟ್ ಎಂಬ ಮೂವತ್ತರವನನ್ನು. ಓಡುವವರ ಲೋಕದಲ್ಲಿ ಮೂವತ್ತೆಂದರೆ ಕಟುಕನ ಓಣಿ. "ಬೆನ್ನು ನೋಡಿ, ತೊಲೆ! ಸೊಂಟ ನೋಡಿ! ಹತ್ತು ವರ್ಷದಲ್ಲಿ ಒಂದು ದಿನ ಕುಂಟಿಲ್ಲ."

ನೋರೀನ್ ಕಾಫಿ ಸುರಿಯುತ್ತ ನಿಂತಳು. "ಎತ್ತು ಚೆನ್ನಾಗಿದೆ, ಲೈಲ್. ಆದ್ರೆ ನೊಗ ಯಾರು ಹೂಡ್ತಾರೆ? ಅವನ ತಂಡದ ಕೋಚು ಇನ್ನೊಬ್ಬ ಹೊಸಬನಿಗೇ ಚೆಂಡು ಕೊಡೋದು ಅಂತ ಪೇಪರ್‌ನಲ್ಲೇ ಬಂದಿದೆಯಲ್ಲ."

"ನೀನು ಈರುಳ್ಳಿ ನೋಡಮ್ಮ, ಸೀಯ್ತಿದೆ."

ಎರಡನೆಯ ಸರದಿ ಡೇಲನದು. ಅವನು ಸದ್ದಿಲ್ಲದೆ ಓಸ್ಟರ್‌ಮನ್ನನ ಹೆಸರು ಬರೆದುಕೊಂಡ.

ಮೂವತ್ತೊಂದು ವರ್ಷ ದನದ ತೂಕ ಹೇಳಿಯೇ ಬದುಕಿದವನು ಮಾಡಬಹುದಾದ ತಪ್ಪು ಅದೊಂದೇ, ಅದನ್ನು ಲೈಲ್ ರಾಜಗಾಂಭೀರ್ಯದಿಂದ ಮಾಡಿದ. ಸಂತೆಯಲ್ಲಿ ದನದ ಬೆಲೆ ದನದ ಮೈಯಲ್ಲೇ ಇರುತ್ತದೆ. ಓಟಗಾರನ ಬೆಲೆ ಇರುವುದು ಬೇರೆಯವರ ಕೈಯಲ್ಲಿ: ವಾರಕ್ಕೆ ಎಷ್ಟು ಸಲ ಚೆಂಡು ಕೊಡುತ್ತಾರೆ, ಗೆರೆಯ ಹತ್ತಿರ ಯಾರನ್ನು ಕರೆಯುತ್ತಾರೆ. ಪ್ರೂಯಿಟ್ ಒಂದು ಗೀರೂ ಇಲ್ಲದ ಮೈ ಹೊತ್ತು, ಬೆಂಚಿನ ಮೇಲೆ ಕೂತು, ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ ಸೆಪ್ಟೆಂಬರ್ ಕಳೆದ. ಅಕ್ಟೋಬರಿನಲ್ಲಿ ಎರಡು ಸಲ ಎದ್ದು ನಿಂತ. ಒಂದು ಸಲ ನೀರು ಕುಡಿಯಲು. ಅತ್ತ ಓಸ್ಟರ್‌ಮನ್ ಆ ಮುರಿಯುವ ಕಾಲಿನಲ್ಲೇ ಭಾನುವಾರಕ್ಕೆ ನೂರು, ನೂರಿಪ್ಪತ್ತು ಗಜ ಉಳುತ್ತಿದ್ದ.

ಲೈಲ್ ಏಳನೆಯವನಾದ, ಒಂಬತ್ತನೆಯವನಾದ, ಹತ್ತನೆಯವನಾದ. ನವೆಂಬರಿನಲ್ಲಿ ಅವನಿಗೆ ದೈವಭಕ್ತಿ ಹುಟ್ಟಿತು. ಊಟಕ್ಕೆ ಮುಂಚೆ ಕೈ ಜೋಡಿಸಿ, ಎಂದೂ ಕಾಣದ ಒಬ್ಬ ಹುಡುಗನ ಮೂಳೆ ಮುರಿಯಲೆಂದು ಸೃಷ್ಟಿಕರ್ತನಲ್ಲಿ ಬೇಡಿಕೊಳ್ಳತೊಡಗಿದ. ಯಾವ ಕಾಲು ಎಂದೂ ನೆನಪಿಸುತ್ತಿದ್ದ. ದೇವರಿಗೆ ಕೆಲಸ ಜಾಸ್ತಿ.

ಲೋಟದ ಯುದ್ಧ ಇನ್ನೂ ಎರಡು ವಾರ ಬಾಕಿಯಿತ್ತು, ಕೊನೆಯವನನ್ನು ತೀರ್ಮಾನಿಸುವ ಭಾನುವಾರ ಲೈಲನಿಗೆ ಎದುರು ಡೇಲ್. ಗೆದ್ದರೆ ಒಂಬತ್ತನೆಯ ಸ್ಥಾನ, ಸೋತರೆ ಕಣ. ಆಟದ ಮೂರನೆಯ ಕ್ವಾರ್ಟರಿನಲ್ಲಿ ಓಸ್ಟರ್‌ಮನ್ ಚೆಂಡು ಹಿಡಿದು ಎಡಕ್ಕೆ ತಿರುಗಿದ, ಬಲಗಾಲು ಊರಿದ, ಮತ್ತೆ ಏಳಲಿಲ್ಲ. ಮಂಡಿಯ ಕೆಳಗೆ ಕಾಲು ತಿರುಗಬಾರದ ಕಡೆಗೆ ತಿರುಗಿತ್ತು.

"ಬಲಗಾಲು!" ಲೈಲ್ ಕುರ್ಚಿಯ ಮೇಲೆ ಹತ್ತಿದ. "ಬಲಗಾಲು ಅಂದಿದ್ನೋ ಇಲ್ವೋ! ಹೇಳ್ರೋ, ಅಂದಿದ್ನೋ ಇಲ್ವೋ!"

ಸದ್ದಿಲ್ಲದ ಪರದೆಯಲ್ಲಿ ಹುಡುಗ ಹುಲ್ಲು ಕಚ್ಚುತ್ತಿದ್ದ. ಕ್ಯಾಂಟೀನಿನಲ್ಲಿ ಶೋಕಾಚರಣೆ ಸುಮಾರು ಹನ್ನೊಂದು ಸೆಕೆಂಡು ನಡೆಯಿತು. ಆಮೇಲೆ ಉಳಿದವರೆಲ್ಲ ಫೋನಿನ ಮೇಲೆ ಬಗ್ಗಿದರು: ಇವನ ಬದಲು ಯಾರು ಓಡುತ್ತಾನೆ, ಮೊದಲು ಹಿಡಿದವನಿಗೇ ಅವನು.

ಡೇಲ್ ಮಾತ್ರ ತಲೆಯೆತ್ತಿದ. "ನೀನು ಹೇಳಿದ್ದು ಸರಿ ಕಣಪ್ಪ. ಆದ್ರೆ ಪಾಪ, ಮೂರು ಸಲ ಗೆರೆ ದಾಟಿ ಆಮೇಲೆ ಮುರ್ಕೊಂಡ. ನಿನ್ನೋರ ಆಟ ಎಲ್ಲ ಮುಗಿದಾಯ್ತು, ಹದಿನಾಲ್ಕು ಅಂಕದಿಂದ ನೀನು ಸೋತೆ."

ಆದರೂ ಆ ಚಳಿಗಾಲ ಲೈಲನ ಕೀರ್ತಿಗೆ ಸುಗ್ಗಿ. ಹದಿನೈದು ವಾರ ಮುಂಚೆ ಮೂಳೆಯೊಳಗಿನ ಬಿರುಕು ಕಂಡ ಕಣ್ಣೆಂದು ಊರೂರಲ್ಲಿ ಮಾತಾಯಿತು. ಜನವರಿಯಲ್ಲಿ ಒಬ್ಬ ಮುದುಕ ಎಂಬತ್ತು ಮೈಲಿ ದೂರದಿಂದ ತನ್ನ ಅಳಿಯನನ್ನು ತೋರಿಸಲು ಕರೆತಂದ. ಲೈಲ್ ಮಾತಾಡುತ್ತಿರಲಿಲ್ಲ, ಕಣ್ಣು ಮುಚ್ಚಿ ನಿಟ್ಟುಸಿರು ಬಿಡುತ್ತಿದ್ದ. ಅಷ್ಟಕ್ಕೇ ಅಳಿಯ ಅತ್ತನಂತೆ. ಇಂಥವನನ್ನು ಯಾರು ಕಣಕ್ಕೆ ಹೊಡೆದಾರು? ಆದರೂ ಒಂದು ಮಾತು ಲಿಂಡ್‌ಕ್ವಿಸ್ಟನ ಕಿವಿಗೆ ಹಾಕಿದ.

"ಈ ವರ್ಷ ಅದೆಲ್ಲ ಬೇಡ ಬಿಡು, ಲಿಂಡ್‌ಕ್ವಿಸ್ಟ್. ನಾಳೆ ನಾನು ಅದೇ ಕಣದಲ್ಲಿ ನಿಂತು ತೂಕ ಕೂಗಿದ್ರೆ ಯಾರು ನಂಬ್ತಾರೆ?"

"ನಿಯಮ ಮಾಡಿದೋನು ನೀನೇ, ಮಾರಾಯ. ಚೀಟಿಗೆ ಅಂಟು ಜಾಸ್ತಿ ಹಾಕ್ಸು ಅಂತ ಪ್ರತಿ ವರ್ಷ ನೀನೇ ಹೇಳ್ತಿದ್ದೆ."

ಮಾರ್ಚ್‌ನ ಮೊದಲ ಮಂಗಳವಾರ ಕಬ್ಬಿಣದ ಬಾಗಿಲು ಸರಿಯಿತು. ಹಿಂದಿನಿಂದ ಯಾರೋ ಕೋಲಿನಿಂದ ತಟ್ಟಿದರು. ಲೈಲ್ ವೊಬೊರಿಲ್ ಸೊಂಟದ ಮೇಲೆ 412 ಹೊತ್ತು ಕಣಕ್ಕೆ ಬಂದ. ಹಲಗೆಯ ಮೇಲೆ ಇನ್ನೂರ ಅರವತ್ತೆಂಟು ಪೌಂಡು ಮೂಡಿತು. "ಚರ್ಮ ಕಳೆದ್ರೆ ಎಷ್ಟಪ್ಪಾ?" ಎಂದು ಮೇಲಿನ ಸಾಲಿನಿಂದ ಯಾರೋ ಕೂಗಿದರು. ಮೈಕು ಡೇಲನ ಕೈಯಲ್ಲಿತ್ತು.

"ಹಲ್ಲು ಕಟ್ಟಿಸಿದ್ದು," ಡೇಲ್ ಮೆಲ್ಲಗೆ, ಸಾಮಾನು ಪಟ್ಟಿ ಓದುವವನಂತೆ ಶುರುಮಾಡಿದ. "ಮಂಡಿ ಹೋಗಿದೆ. ಹೊಟ್ಟೆ ಗಬ್ಬದ್ದಲ್ಲ, ಬಿಯರಿನದು. ಬೀಜಕ್ಕೆ ಆಗುತ್ತೋ ಇಲ್ವೋ..." ಅವನು ಒಮ್ಮೆ ತನ್ನ ಹೆಂಡತಿ ಕೂತಿದ್ದ ಕಡೆ ನೋಡಿದ. "ಅದನ್ನ ನೋರೀನ್‌ನ ಕೇಳಿ. ಅವಳು ಇಪ್ಪತ್ತೆರಡು ವರ್ಷ ಮೇಯಿಸಿ, ಹಗ್ಗ ಬಿಚ್ಚಿ, ಬಾಗಿಲು ತೆಗೆದಿಟ್ಟು ಹೋದೋಳು."

ಕಟ್ಟಡ ಅಲುಗಾಡುವಂತೆ ನಗು. ಲೈಲ್ ಕೂಡ ನಗಲು ಬಾಯಿ ತೆರೆದ. ಬಾಯಿ ತೆರೆದೇ ಇತ್ತು, ನಗು ಬರಲಿಲ್ಲ.

ಲಿಂಡ್‌ಕ್ವಿಸ್ಟ್ ಹರಾಜು ಕೂಗಿದ. ಇಪ್ಪತ್ತು ಡಾಲರ್? ಕೈ ಇಲ್ಲ. ಹತ್ತು? ಇಲ್ಲ. ಐದು? ಹತ್ತೊಂಬತ್ತು ವರ್ಷದಲ್ಲಿ ಬೆಲೆ ಕೂಗುವವರಿಲ್ಲದೆ ಯಾರೂ ಉಳಿದಿರಲಿಲ್ಲ. ಡೇಲ್ ಕೂಡ ಮೂವತ್ತೈದಕ್ಕೆ ಹೋಗಿದ್ದ. ನಗು ಇಳಿಯಿತು. ಲೈಲ್ ಮೂವತ್ತೊಂದು ವರ್ಷ ಕೋಲು ಹಿಡಿದು ನಿಂತಿದ್ದ ಮಣ್ಣಿನಲ್ಲಿ ನಿಂತು, ದನಗಳು ನೋಡುವಂತೆ ಮೇಲಿನ ಮುಖಗಳನ್ನು ನೋಡಿದ.

ಲಿಂಡ್‌ಕ್ವಿಸ್ಟನಿಗೆ ಕನಿಕರವೋ, ಕಮಿಷನ್ನಿನ ಅಭ್ಯಾಸವೋ, ಕೂಗಿದ: "ಅಯ್ಯೋ ಜನಗಳಿರಾ, ಮೈ ನೋಡ್ಬೇಡಿ, ಕಣ್ಣು ನೋಡಿ! ಓಸ್ಟರ್‌ಮನ್ನನ ಕಾಲು ಮುರಿಯೋದನ್ನ ಆಗಸ್ಟ್‌ನಲ್ಲೇ ಕಂಡ ಕಣ್ಣು! ಇಡೀ ದೇಶದಲ್ಲಿ ಇನ್ನೊಂದಿದೆಯಾ?"

ಜನ ತಲೆದೂಗಿದರು. ಅದಂತೂ ನಿಜ, ಅದಂತೂ ನಿಜ. ಬಾಗಿಲ ಬಳಿ ಏಪ್ರನ್ನಿನಲ್ಲೇ ನಿಂತಿದ್ದ ನೋರೀನ್ ಕೈಯೆತ್ತಿದಳು.

"ಐವತ್ತು ಕೊಡ್ತೀನಿ. ಆದ್ರೆ ಒಂದು ಮಾತು ಹೇಳ್ಲಿ. ಆವತ್ತು ಆ ಹುಡುಗನ ಕಾಲಲ್ಲಿ ಏನು ಕಾಣಿಸ್ತು, ಲೈಲ್?"

ಹಿಂದಿನ ಸಾಲಿನವರು ಎದ್ದು ನಿಂತರು.

"ಏನೂ ಇಲ್ಲ," ಎಂದ ಲೈಲ್. "ಮುರಿಯುತ್ತೆ ಅಂತ ಪ್ರತಿ ವರ್ಷ ಎಲ್ಲರ ಕಾಲಿಗೂ ಹೇಳ್ತೀನಿ."