ಚೌಕ ಟೀವಿಗೆ ಹಿಡಿಸದ ಇಬ್ಬರು

೨೨ ನವೆಂಬರ್ ೨೦೦೯, ಭಾನುವಾರ, ಬೆಳಿಗ್ಗೆ ೧೧ ಗಂಟೆ ೧೦ ನಿಮಿಷ. ಜಯಮ್ಮ ಆಂಟಿಯ ಟೀವಿಯಲ್ಲಿ ನಮ್ಮ ಡ್ಯಾನ್ಸು. ನೋಡಿದವರು ೧೭. ಅಪ್ಪ ಇಲ್ಲ.

ಐದನೇ ಕ್ಲಾಸಿನ ನನ್ನ ಡೈರಿಯಲ್ಲಿ ಆ ದಿನ ಇಷ್ಟೇ ಇದೆ. ಡೈರಿ ಅಪ್ಪನ ಕಾರ್ಖಾನೆಯದು, ಹಿಂದಿನ ವರ್ಷದ್ದು. ವಾರಗಳನ್ನೆಲ್ಲ ನಾನೇ ತಿದ್ದಿಕೊಳ್ಳುತ್ತಿದ್ದೆ.

ಆಗೆಲ್ಲ ಲಗ್ಗೆರೆಯ ನಮ್ಮ ವಠಾರದ ಒಂಬತ್ತು ಮನೆಗಳಲ್ಲಿ ಭಾನುವಾರ ಬೆಳಗಾಯಿತೆಂದರೆ ಒಂದೇ ಸಲ ಎಂಟು ಒಗ್ಗರಣೆಗಳ ವಾಸನೆ ಏಳುತ್ತಿತ್ತು. ನಮ್ಮ ಮನೆಯದು ಮಾತ್ರ ರೊಟ್ಟಿ ಸುಟ್ಟ ವಾಸನೆ. ನಾವು ಕೊಪ್ಪಳದ ಕಡೆಯವರು. ಅಪ್ಪ ಪೀಣ್ಯದಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಲ್ಲುತ್ತಿದ್ದರು. ಎಷ್ಟು ಸೋಪು ಹಾಕಿ ಉಜ್ಜಿದರೂ ಅವರ ಕೈಯಿಂದ ಎಣ್ಣೆ ಬೆರೆತ ಕಬ್ಬಿಣದ ವಾಸನೆ ಹೋಗುತ್ತಿರಲಿಲ್ಲ. ಜಯಮ್ಮ ಆಂಟಿ ವಠಾರದ ಓನರ್. ಅವರ ಮಗಳು ರೂಪಾ ನನ್ನ ಜೀವದ ಗೆಳತಿ. ಕುಂಟೆಬಿಲ್ಲೆಯಲ್ಲಿ ಆ ವರ್ಷ ಅವಳು ೬೨ ಆಟ ಗೆದ್ದಿದ್ದಳು, ನಾನು ೫೮. ಅದನ್ನೂ ಬರೆದಿಟ್ಟಿದ್ದೇನೆ.

ಡ್ಯಾನ್ಸು ನಡೆದದ್ದು ನವೆಂಬರ್ ೧೪ರ ಶನಿವಾರ, ಮಕ್ಕಳ ದಿನಾಚರಣೆಗೆ. ನಾವು ಎಂಟು ಹುಡುಗಿಯರು ಒಂದೇ ಸಾಲು. ಬಲಗೈಯಲ್ಲಿ ಹಳದಿ ಕರ್ಚೀಫು, ಎಡಗೈಯಲ್ಲಿ ಕೆಂಪು. ವೇದಿಕೆ ಚಿಕ್ಕದಿತ್ತು, ಬಿದ್ದುಗಿದ್ದೀರಿ ಎಂದು ಮಿಸ್ಸು ಯಾರಿಗೂ ಜಾಗ ಬಿಟ್ಟು ಕದಲಲು ಹೇಳಿಕೊಡಲಿಲ್ಲ. ನೋಡುವವರಿಗೆ ಎಡತುದಿಯಲ್ಲಿ ನಾನು, ನನ್ನ ಪಕ್ಕ ಯಾಸ್ಮೀನ್, ಬಲತುದಿಯಲ್ಲಿ ರೂಪಾ. ಅಪ್ಪನಿಗೆ ಅಂದು ಸೆಕೆಂಡ್ ಶಿಫ್ಟು. ನಾನು ಅತ್ತಾಗ ಅವರು, "ವಿಡಿಯೋ ಮಾಡ್ತಾರಂತಲ್ಲವ್ವಾ, ಅದರಾಗ ನೋಡತೀನಿ. ಹತ್ತು ಸಲ ನೋಡತೀನಿ ಬೇಕಾದ್ರ" ಅಂದಿದ್ದರು.

ಮಿಸ್ಸಿನ ನೆಂಟರೊಬ್ಬರು ಹೊಸ ಕ್ಯಾಮೆರಾ ತಂದು, ಹಿಂದಿನ ಬೆಂಚಿನ ಮೇಲಿಟ್ಟು, ಎಂಟೂ ಜನ ಸರಿಯಾಗಿ ಹಿಡಿಸುವ ಹಾಗೆ ಒಂದೇ ಕಡೆಯಿಂದ ತೆಗೆದಿದ್ದರು. ಅದನ್ನು ಕಂಪ್ಯೂಟರ್ ಕೋರ್ಸು ಮಾಡುತ್ತಿದ್ದ ರೂಪಾಳ ಅಣ್ಣ ಮಂಜಣ್ಣ ಸಿ.ಡಿ.ಗೆ ಹಾಕಿಕೊಂಡು ಬಂದ. ೨೨ರಂದು ಹಾಕಿದರೆ, ಚಿತ್ರದ ಮೇಲೆ ಕಪ್ಪು ಪಟ್ಟಿ, ಕೆಳಗೂ ಕಪ್ಪು ಪಟ್ಟಿ.

"ಅಯ್ಯೋ ಮಂಜ, ಟೀವಿ ಹೋಯ್ತೇನೋ!" ಅಂತ ಜಯಮ್ಮ ಆಂಟಿ ಎದ್ದೇಬಿಟ್ಟರು.

"ಹೋಗಿಲ್ಲ ಕಣಮ್ಮ. ವಿಡಿಯೋ ಅಗಲ, ನಮ್ ಟೀವಿ ಚೌಕ. ಅದಕ್ಕೇ ಹಂಗೆ ಕಾಣುತ್ತೆ."

"ಅರ್ಧ ಟೀವಿಗೆ ಅರ್ಧ ಕರೆಂಟು ಬಿಲ್ಲಾ ಆಂಟಿ?" ಎಂದು ಆಟೋ ಓಡಿಸುವ ಶಿವಣ್ಣ ಕೇಳಿದ. ಎಲ್ಲರೂ ನಕ್ಕರು. ಆಂಟಿಗೆ ಅವಮಾನವಾಯಿತು.

"ಅಗಲ ಇರೋದನ್ನ ಚೌಕ ಮಾಡೋ. ಮತ್ತೆ ನೀನು ಕಂಪ್ಯೂಟರ್ ಕಲೀತಿರೋದು ಯಾತಕ್ಕೆ?"

ನನಗೆ ಪಟ್ಟಿ ಇದ್ದರೂ ಸರಿಯೇ ಆಗಿತ್ತು. ಎಲ್ಲರೂ ಹೋದ ಮೇಲೆ ಸ್ಕೇಲು ತಂದು ಅಳೆದೆ: ಟೀವಿ ಹದಿನಾರು ಇಂಚು ಅಗಲ, ಹನ್ನೆರಡು ಇಂಚು ಎತ್ತರ. ಒಂದೊಂದು ಪಟ್ಟಿ ಒಂದೂವರೆ ಇಂಚು. ನಡುವಿನ ಒಂಬತ್ತು ಇಂಚಿನಲ್ಲಿ ನಾವು ಎಂಟೂ ಜನ ಇದ್ದೆವು.

ಬುಧವಾರ ಸಂಜೆ ಮಂಜಣ್ಣ ತನ್ನ ಕಂಪ್ಯೂಟರಿನಲ್ಲಿ ಮೊದಲು ಚಿತ್ರವನ್ನು ಮೇಲಕ್ಕೂ ಕೆಳಕ್ಕೂ ಎಳೆದು ನೋಡಿದ. ಎಲ್ಲರೂ ಊದಿನಕಡ್ಡಿಗಳಾದೆವು.

"ಥೂ, ನನ್ ಮೂತಿ ಕುದುರೆ ಥರ ಇದೆ! ಬೇಡ ಕಣೋ" ಅಂದಳು ರೂಪಾ.

"ಹಂಗಾದ್ರೆ ಪಕ್ಕದಲ್ಲಿ ಕತ್ತರಿಸ್ಬೇಕು" ಎಂದು ಅವನು ಚಿತ್ರದ ಮೇಲೊಂದು ಚೌಕ ಗೆರೆ ಎಳೆದ. ಮೌಸು ಹಿಡಿದು ಆಡಿಸಿದರೆ ಚೌಕ ಕಿಟಕಿಯ ಹಾಗೆ ಎಡಕ್ಕೂ ಬಲಕ್ಕೂ ಜಾರುತ್ತಿತ್ತು. ಒಳಗಿದ್ದದ್ದು ಉಳಿಯುತ್ತದೆ, ಹೊರಗಿದ್ದದ್ದು ಹೋಗುತ್ತದೆ.

ನಾನು ಅಲ್ಲೇ ಡೈರಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. "ನಾಲ್ಕರಲ್ಲಿ ಒಂದು ಪಾಲು ಹೋಗುತ್ತೆ ಮಂಜಣ್ಣ. ಎಂಟರಲ್ಲಿ ಇಬ್ರು."

"ಬಂದ್ಳಪ್ಪ ಲೆಕ್ಕದ ಮೇಷ್ಟ್ರು!"

"ಕತ್ತರಿಸ್ಬೇಡ. ಅಪ್ಪ ಇನ್ನೂ ನೋಡಿಲ್ಲ. ಈ ಭಾನುವಾರ ಓವರ್‌ಟೈಮ್ ಬಿಟ್ಟು ಬರ್ತಾರೆ."

ರೂಪಾ ನನ್ನ ಹೆಗಲ ಮೇಲೆ ಕೈ ಹಾಕಿದಳು. "ಯಾರನ್ನೂ ಕತ್ತರಿಸಲ್ಲ ಕಣೇ. ಪಟ್ಟಿ ಇದ್ರೆ ಇರ್ಲಿ. ನಿಮ್ಮಪ್ಪ ನೋಡ್ಬೇಕಲ್ವಾ? ಆಣೆ."

೬ ಗಂಟೆ ೧೦ ನಿಮಿಷ, ರೂಪಾ ಆಣೆ ಮಾಡಿದಳು ಎಂದು ಬರೆದುಕೊಂಡು, ನೀರು ಬರುವ ಹೊತ್ತಾಯಿತೆಂದು ಮನೆಗೆ ಹೋದೆ.

ಭಾನುವಾರ, ೨೯ನೇ ತಾರೀಖು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಠಾರಕ್ಕೆಲ್ಲ ಆಗುವಷ್ಟು ಚುರುಮುರಿ ಕಟ್ಟಿಸಿಕೊಂಡು ಬಂದರು. ಅವರನ್ನು ಟೀವಿಯ ಎದುರಿಗೇ ಕೂರಿಸಿದರು. ಹಸಿ ಈರುಳ್ಳಿ, ನಿಂಬೆಹಣ್ಣಿನ ವಾಸನೆ ಕೋಣೆ ತುಂಬಿತ್ತು. ೪ ಗಂಟೆ ೨೦ಕ್ಕೆ ಮಂಜಣ್ಣ ಸಿ.ಡಿ. ಹಾಕಿದ.

ಟೀವಿ ತುಂಬ ಚಿತ್ರ. ಕಪ್ಪು ಪಟ್ಟಿ ಇಲ್ಲ. "ಈಗ ನೋಡು, ಹೆಂಗೆ ಕಳೆ ಬಂತು!" ಅಂದರು ಆಂಟಿ. ನಾನು ಎಣಿಸಿದೆ. ಆರು. ಮತ್ತೆ ಎಣಿಸಿದೆ. ಆರೇ.

ಅಪ್ಪ ಎಡದಿಂದ ಒಂದೊಂದೇ ಮುಖ ನೋಡುತ್ತ ಹೋಗಿ ಮತ್ತೆ ಎಡಕ್ಕೆ ಬಂದರು. "ನೀ ಎಲ್ಲದಿಯವ್ವಾ?" ಎನ್ನುತ್ತ ಕುಳಿತಲ್ಲೇ ಬಾಗಿ ಟೀವಿಯ ಅಂಚಿನಾಚೆ ಇಣುಕಿದರು.

"ಅಣ್ಣಾ, ಅಲ್ಲಿ ಗೋಡೆ ಐತೆ" ಅಂದ ಶಿವಣ್ಣ. ಮತ್ತೆ ನಗು. ಅಪ್ಪನೂ ನಕ್ಕರು, ಆದರೆ ಬಾಗಿದವರು ನೆಟ್ಟಗಾಗಲಿಲ್ಲ.

ಹಾಡಿನ ಪಲ್ಲವಿ ಬಂದಾಗಲೆಲ್ಲ ನಾವು ಅಕ್ಕಪಕ್ಕದವರ ಕೈ ಹಿಡಿಯಬೇಕಿತ್ತು. ಪಲ್ಲವಿ ಬಂತು. ಟೀವಿಯ ಎಡ ಅಂಚಿನಿಂದ ಒಂದು ಕೈ ಒಳಗೆ ಬಂದು ಮೂರನೆಯವಳ ಕೈ ಹಿಡಿಯಿತು. ಮಣಿಕಟ್ಟಿನವರೆಗೆ ಅಷ್ಟೇ, ಬೆರಳುಗಳಲ್ಲಿ ಕೆಂಪು ಕರ್ಚೀಫು.

ಅಪ್ಪನ ಮುಖ ಅರಳಿತು. "ಇದು ನಿಂದೇನು?"

ಅದು ಯಾಸ್ಮೀನಳ ಕೈ. ನನ್ನ ಕೈ ಅವಳಿಗಿಂತಲೂ ಆಚೆ, ಗೋಡೆಯಲ್ಲಿತ್ತು. ನಾನು, "ಹೂಂ" ಎಂದೆ.

"ಹೌದು, ಹೌದು, ಗುರ್ತು ಸಿಕ್ತು" ಎಂದರು ಅಪ್ಪ. ಆ ಕೈ ಏಳು ಸಲ ಬಂತು. ಏಳು ಸಲವೂ ಅವರು ಪಕ್ಕದವರನ್ನು ತಿವಿದು ತೋರಿಸಿದರು. ಆಮೇಲೆ ಇನ್ನೊಂದು ಸಲ ಹಾಕಿಸಿದರು.

ಮಾರನೆಯ ದಿನ ಶಿಫ್ಟಿಗೆ ಹೊರಡುವಾಗ ಅಪ್ಪ ಕೆಂಪು ಕರ್ಚೀಫು ಕೇಳಿ ಇಸಿದುಕೊಂಡು ಹೋದರು. ಅದಕ್ಕೂ ಮೊದಲೇ, ಭಾನುವಾರ ಸಂಜೆಯೇ, ನಾನು ರೂಪಾಳನ್ನು ಟೆರೇಸಿನ ನೀರಿನ ಟ್ಯಾಂಕಿನ ಹತ್ತಿರ ಹಿಡಿದು ನಿಲ್ಲಿಸಿದ್ದೆ. ಕತ್ತರಿಸಿದ್ದಷ್ಟೇ ಆಗಿದ್ದರೆ ಆಂಟಿಯ ಹಟ ಎಂದುಕೊಳ್ಳುತ್ತಿದ್ದೆನೇನೋ. ಆದರೆ ಚೌಕವನ್ನು ನಡುವೆ ಇಟ್ಟಿದ್ದರೆ ಎಡಕ್ಕೊಬ್ಬಳು, ಬಲಕ್ಕೊಬ್ಬಳು ಹೋಗಬೇಕಿತ್ತು. ಇಲ್ಲಿ ಎಡಗಡೆಯ ಇಬ್ಬರೂ ಇಲ್ಲ, ಬಲತುದಿಯ ರೂಪಾ ಪೂರ್ತಿ ಇದ್ದಾಳೆ. ಕಿಟಕಿಯನ್ನು ಯಾರೋ ಕೂತು ಜಾರಿಸಿದ್ದರು.

"ನೀನೇ ಜಾರಿಸೋಕೆ ಹೇಳಿದ್ದು."

"ಅಮ್ಮ ಪಟ್ಟಿ ಬೇಡ ಅಂತ ಕೂತ್ಬಿಟ್ರು ಕಣೇ. ಇಬ್ರು ಹೋಗ್ತಾರೆ ಅಂತ ನೀನೇ ತಾನೇ ಹೇಳಿದ್ದು?"

"ನೀನು ಆಣೆ ಮಾಡಿದ್ದೆ."

"ನಡುವೆ ಇಟ್ಟಿದ್ರೂ ನೀನು ಹೋಗ್ತಿದ್ದೆ, ನಾನೂ ಹೋಗ್ತಿದ್ದೆ. ಹೆಂಗೂ ನೀನು ಇರಲ್ಲ ಅಂದ್ಮೇಲೆ ನಾನ್ಯಾಕೆ ಹೋಗ್ಲಿ?"

ಲೆಕ್ಕ ಸರಿಯಾಗಿತ್ತು. ಆ ಲೆಕ್ಕವನ್ನು ಅವಳಿಗೆ ಮಾಡಿ ಕೊಟ್ಟವಳು ನಾನೇ. ನಡುವೆ ಇಟ್ಟಿದ್ದರೆ ಯಾಸ್ಮೀನ್ ಉಳಿಯುತ್ತಿದ್ದಳು ಎಂದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಮಂಜಣ್ಣ ಹಳೆಯದನ್ನು ಅಳಿಸಿ ಅದೇ ಸಿ.ಡಿ.ಯ ಮೇಲೆ ಹೊಸದನ್ನು ಬರೆದಿದ್ದ. ಕ್ಯಾಮೆರಾದವರು ಅದೇ ಕ್ಯಾಸೆಟ್ಟಿನಲ್ಲಿ ಯಾರದೋ ಮದುವೆ ತೆಗೆದಿದ್ದರು. ರೂಪಾಳೊಂದಿಗೆ ೪೧ ದಿನ ಮಾತು ಬಿಟ್ಟೆ. ನಲವತ್ತೆರಡನೆಯ ದಿನ ಅವಳು ಬಿಲ್ಲೆ ಹಿಡಿದು ಬಂದಳು; ಆಡಿದೆ. ಆದರೆ ಆಮೇಲೆ ಯಾರು ಎಷ್ಟು ಗೆದ್ದೆವೆಂದು ಬರೆಯಲಿಲ್ಲ. ಪರೀಕ್ಷೆ ಮುಗಿದ ಮೇಲೆ ಯಾಸ್ಮೀನಳ ಮನೆಯವರು ಲಗ್ಗೆರೆ ಬಿಟ್ಟರು. ಯಾವ ಕಡೆಗೆ ಎಂದು ನಾನು ಕೇಳಲಿಲ್ಲ. ಅವಳ ಮುಖ ನೋಡುವುದು ತಪ್ಪಿತಲ್ಲ ಎಂದು ಆಗ ಹಗುರವೇ ಆಗಿತ್ತು.

ನಾವು ವಠಾರ ಬಿಡುವಾಗ ಜಯಮ್ಮ ಆಂಟಿ ಆ ಸಿ.ಡಿ.ಯನ್ನು ಅಪ್ಪನಿಗೇ ಕೊಟ್ಟರು. ಈಗ ನಮ್ಮ ಮನೆಯಲ್ಲೂ ಅಗಲ ಟೀವಿ ಬಂದಿದೆ. ಹಾಕಿದರೆ, ಅಗಲ ಟೀವಿಗೆ ಚೌಕ ಚಿತ್ರ ಸಾಲದೆ ಎಡಕ್ಕೊಂದು, ಬಲಕ್ಕೊಂದು ಕಪ್ಪು ಪಟ್ಟಿ. ಅಳೆದು ನೋಡಿದ್ದೇನೆ: ಒಂದೊಂದು ಪಟ್ಟಿ ಸರಿಯಾಗಿ ಒಬ್ಬ ಹುಡುಗಿಯಷ್ಟು ಅಗಲ. ಜಾಗ ಈಗ ಇದೆ. ನಿಲ್ಲಬೇಕಾದವರ ಚಿತ್ರವಿಲ್ಲ.

ಕಳೆದ ದೀಪಾವಳಿಗೆ ಊರಿಂದ ಮಾವ ಬಂದಾಗ ಅಪ್ಪ ಸಿ.ಡಿ. ಹಾಕಿ, ಟೀವಿಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದರು: "ಇದು ನಮ್ಮ ನೀಲಾನ ಕೈ." ದೊಡ್ಡ ಪರದೆಯಲ್ಲಿ ಆ ಕೈಯ ಮದರಂಗಿ ಸ್ಪಷ್ಟವಾಗಿ ಕಂಡಿತು. ನಮ್ಮ ಮನೆಯಲ್ಲಿ ಆ ವರ್ಷ ಯಾರೂ ಮದರಂಗಿ ಹಚ್ಚಿಕೊಂಡಿರಲಿಲ್ಲ. ಅಜ್ಜಿ ತೀರಿಕೊಂಡ ವರ್ಷವದು. ಅಪ್ಪ ಬೆರಳು ತೆಗೆಯದೆ ನನ್ನ ಕಡೆ ಒಮ್ಮೆ ತಿರುಗಿ ನೋಡಿದರು. ಮತ್ತೆ ಮಾವನಿಗೆ ಹೇಳಿದರು: "ನೀಲಾಂದ. ನೋಡು, ಹೆಂಗ ಹಿಡದಾಳ."

ರೂಪಾ ನನಗೆ ಮಾಡಿದ್ದನ್ನು ಡೈರಿಯಲ್ಲಿ ನಾಲ್ಕು ಪುಟ ಬರೆದಿದ್ದೇನೆ. ನಾನು ಯಾಸ್ಮೀನಳಿಗೆ ಮಾಡಿದ್ದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ.

ಆ ವರ್ಷದ ಮಕ್ಕಳ ದಿನಾಚರಣೆಗೆ ಲಗ್ಗೆರೆಯಲ್ಲಿ ಎಂಟು ಹುಡುಗಿಯರು ಹಳದಿ, ಕೆಂಪು ಕರ್ಚೀಫು ಹಿಡಿದು ಕುಣಿದದ್ದನ್ನು ನಿಮ್ಮಲ್ಲಿ ಯಾರಾದರೂ ಬೇರೆ ಕ್ಯಾಮೆರಾದಲ್ಲಿ ತೆಗೆದಿದ್ದರೆ, ಫೋನಿನಲ್ಲಿ ತೆಗೆದ ಮಸುಕು ಚಿತ್ರವಾದರೂ ಸರಿ, ದಯವಿಟ್ಟು ಬರೆಯಿರಿ. ಎಡದಿಂದ ಎರಡನೆಯ ಹುಡುಗಿ ಈಗ ಎಲ್ಲಿದ್ದಾಳೆಂದು ಗೊತ್ತಿದ್ದರೆ ಮೊದಲು ಅದನ್ನು ಬರೆಯಿರಿ. ಅವಳ ಕೈ ನಮ್ಮ ಮನೆಯಲ್ಲಿದೆ.