‘ಹೋಗ್ತೀನಿ’ ಎಂಬ ತಪ್ಪು

ಪುಣೆಯ ಹಡಪಸರದ ನಮ್ಮ ಕಟ್ಟಡದಲ್ಲಿ ಕನ್ನಡದ ಶುದ್ಧಾಶುದ್ಧಗಳ ನ್ಯಾಯಪೀಠ ನಾನೇ. ಯಾರೂ ನೇಮಿಸಿದ್ದಲ್ಲ, ನಿವೃತ್ತನಾದ ಮಾರನೆಯ ದಿನವೇ ಆ ಪೀಠವನ್ನು ಅಲಂಕರಿಸಿದೆ. ಕೆಳಮನೆಯ ಹದಿನಾರರ ಹುಡುಗಿ ಪ್ರತಿ ಭಾನುವಾರ ಬೆಳಿಗ್ಗೆ ನನ್ನಲ್ಲಿ ಕನ್ನಡ ಓದಲು ಬರುತ್ತಿದ್ದಳು. ಅದು ಅವಳ ತಾಯಿಯ ಹಟ.

ಒಂದು ಭಾನುವಾರ ಪಾಠ ಮುಗಿಸಿ ಎದ್ದವಳು, “ಹೋಗ್ತೀನ್ರಿ,” ಅಂದಳು.

“ಹೋಗ್ತೀನಿ ಅನಬಾರದು. ಬರ್ತೀನಿ ಅನಬೇಕು,” ಎಂದು ತೀರ್ಪಿತ್ತೆ.

ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ. ಗಂಭೀರವಾಗಿ ತಿದ್ದಿದೆ, ಒಮ್ಮೆ ಕೆಂಪು ಶಾಯಿಯಲ್ಲಿ ಬರೆದೂ ಕೊಟ್ಟೆ. ಪಾಠದ ನಡುವೆ ನಾನು ಕೊಡುತ್ತಿದ್ದ ಅವಲಕ್ಕಿ ಅವಳ ತಟ್ಟೆಯಲ್ಲಿ ಹಾಗೇ ಉಳಿಯುತ್ತಿದ್ದುದನ್ನು, ಗೆಳತಿಯರ ಸುದ್ದಿ ಮಾತಿನಿಂದ ಮಾಯವಾದುದನ್ನು ಗಮನಿಸಿದ್ದೆ. ಅವು ವ್ಯಾಕರಣದ ವ್ಯಾಪ್ತಿಗೆ ಬರುತ್ತಿರಲಿಲ್ಲ.

ನಾಲ್ಕನೆಯ ಭಾನುವಾರ ತಿದ್ದಿದಾಗ ಬಾಗಿಲಲ್ಲೇ ನಿಂತಳು. “ಅಜ್ಜಾರ, ಬರ್ತೀನಿ ಅಂದು ಬರ್ಲಿಲ್ಲಂದ್ರ ಸುಳ್ಳಾಗ್ತದಲ್ರಿ?”

ನ್ಯಾಯಪೀಠ ಕುಸಿಯಿತು. ಕೇಳಿದರೆ ಇಲ್ಲದ ವಿಚಾರವನ್ನು ತಲೆಗೆ ತುಂಬಿದಂತಾದೀತೆಂಬ ಹೆದರಿಕೆ. ಕೇಳದೆ ಕಳಿಸಲು ಇನ್ನೂ ಹೆದರಿಕೆ. ಕೇಳಿಯೇಬಿಟ್ಟೆ: “ಸಾಯೂ ವಿಚಾರ ಮಾಡಾಕತ್ತೀಯೇನವ್ವಾ?”

“ಹೂಂ ರೀ,” ಅಂದಳು. ಭಾರವಾದ ಚೀಲದ ಇನ್ನೊಂದು ಹಿಡಿಕೆಯನ್ನು ಯಾರೋ ಹಿಡಿದಂತೆ ಅವಳ ಭುಜ ಇಳಿಯಿತು. “ಅವ್ವಗ ಹೇಳಬ್ಯಾಡ್ರಿ. ಆಣಿ ಮಾಡ್ರಿ.”

“ಆಣಿಗೀಣಿ ಇಲ್ಲ. ನಿನ್ನ ಕರಕೊಂಡು ಹೋಗೇ ಹೇಳ್ತೀನಿ.”

“ಚಾಡಿಕೋರ ಅದೀರಿ ನೀವು!”

“ಭಾಳ ಹಳೇ ಚಾಡಿಕೋರ. ನಡಿ.”

ಕೆಳಗೆ ತಾಯಿ ರೊಟ್ಟಿ ಬಡಿಯುತ್ತಿದ್ದರು. ವಿಷಯ ಕೇಳಿ ಒಲೆ ಆರಿಸಿದರು. ‘ನಿನಗೇನು ಕಡಿಮಿ ಮಾಡೀವಿ’ ಅನ್ನುತ್ತಾರೇನೋ ಎಂದು ನಾನು ಹೆದರಿದ್ದೆ. ಅನ್ನಲಿಲ್ಲ. ಹಿಟ್ಟಿನ ಕೈಯಲ್ಲೇ ಮಗಳನ್ನು ಎಳೆದುಕೊಂಡು, “ನಾ ಇಲ್ಲೇ ಅದೀನಿ, ಎಲ್ಲೂ ಹೋಗೂದಿಲ್ಲ,” ಅಂದರು. ಅಂದು ಅವಳನ್ನು ಒಂದು ಗಳಿಗೆಯೂ ಒಬ್ಬಳೇ ಬಿಡಲಿಲ್ಲ. ಸಂಜೆ ಮಗರಪಟ್ಟಾದ ಮನೋವೈದ್ಯೆಯ ಮುಂದೆ ಮೂವರೂ ಕೂತಿದ್ದೆವು.

ಇದಾಗಿ ಎರಡು ವರ್ಷ. ಈಗಲೂ ಭಾನುವಾರ ಬೆಳಿಗ್ಗೆ ಆ ಮೊದಲ ಮೂರು ವಾರಗಳು ಬಂದು ನನ್ನೆದುರು ಕೂರುತ್ತವೆ. ಮೂರು ಸಲವೂ ಅವಳು ಮೆಟ್ಟಿಲಿಳಿದು ಹೋದದ್ದನ್ನು, ತಿದ್ದಿದ ತೃಪ್ತಿಯಲ್ಲಿ, ನಿಂತು ನೋಡಿದ್ದೆ.

ಅವಳು ಕಾಲೇಜಿಗೆ ಹೋಗುತ್ತಾಳೆ, ವೈದ್ಯೆಯ ಬಳಿಗೂ ಹೋಗುತ್ತಾಳೆ. ನನ್ನ ಪಾಠಕ್ಕೆ ಬರುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಮುಖ ತಿರುಗಿಸಿಕೊಳ್ಳುತ್ತಾಳೆ. ತಿರುಗಿಸಿಕೊಳ್ಳಲಿ. ಅವಳ ಮಹಡಿ ಬರುವವರೆಗೂ ಆ ಸಿಟ್ಟಿನ ಬೆನ್ನನ್ನು ಕಣ್ತುಂಬ ನೋಡುತ್ತೇನೆ.