ಭೈರ್ಯಾನಿಗೆ ಕುಸುಬಿ ಎಣ್ಣೆ

ನಮ್ಮ ನಿಡೋಣಿಯಲ್ಲಿ ಮಲಕವ್ವನ ಬಾಯಿಗೆ ಅಂಜದವರಿಲ್ಲ. ನನ್ನ ಕಿರಾಣಿ ಅಂಗಡಿಯ ಮುಂದೆ ನಿಂತು ನನ್ನನ್ನೇ ಬೈದು ಹೋದ ಹೆಂಗಸು ಅವಳು. ಗಂಡ ತೀರಿಕೊಂಡ ಮೇಲೆ ಅವಳ ಕುರಿ, ಮೈದುನ ರೇವಪ್ಪನ ಕುರಿ ಒಂದೇ ದೊಡ್ಡಿಯಲ್ಲಿದ್ದವು. ಇಬ್ಬರದ್ದೂ ಎಣ್ಣೆ-ಸೀಗೇಕಾಯಿ ಸಂಬಂಧ. ಅವಳು ಮೆತ್ತಗೆ ಮಾತಾಡುತ್ತಿದ್ದುದು ಕುರಿ ಕಾಯುವ ನಾಯಿ ಭೈರ್ಯಾನ ಜೊತೆ ಮಾತ್ರ.

ಹೋದ ಚಳಿಗಾಲದಲ್ಲಿ ಆ ನಾಯಿಯ ಕೂದಲು ಉದುರತೊಡಗಿತು. ಬೆನ್ನ ತುಂಬ ತೌಡಿನಂಥ ಬಿಳಿ ಹೊಟ್ಟು, ಕೆಟ್ಟ ನಾತ. ರೇವಪ್ಪ ಕಲ್ಲು ಎತ್ತಿಕೊಂಡ.

“ಹುರುಕು ಹತ್ತೈತಿ ವೈನಿ. ನಾಳೆ ಕುರಿಗೂ ಹತ್ತತೈತಿ. ಕೊಂದು ಒಗಿ, ಇಲ್ಲಾಂದ್ರ ನಾನ ಒಗೀತೇನಿ.”

“ಮುಟ್ಟಿ ನೋಡಲೇ, ಕೈ ಮುರೀತೇನಿ!”

ನಾಯಿಯನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಮಲಕವ್ವ ವಿಜಯಪುರದ ದನದ ದವಾಖಾನೆಗೆ ಹೋದಳು. ಡಾಕ್ಟರು ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ವರದಿ ಬಂದ ಮೇಲೆ ಕರೆದು ಹೇಳಿದರು: “ಇದು ಹುರುಕಲ್ಲ ಯವ್ವಾ. ಚರ್ಮದಾಗ ಎಣ್ಣಿ ಮಾಡೂ ಗ್ರಂಥಿ ಇರ್ತಾವು. ಅವು ಬಾತು ಸತ್ತು ಹೋಗ್ಯಾವು. ಭಾಳ ಅಪರೂಪದ ರೋಗ. ಕುರಿಗೂ ಹತ್ತೂದಿಲ್ಲ, ನಿಮಗೂ ಹತ್ತೂದಿಲ್ಲ. ಆದ್ರ ಪೂರಾ ವಾಸಿ ಆಗೂದಿಲ್ಲ. ಎಣ್ಣಿ ಹಚ್ಚಿ ಜಳಕಾ ಮಾಡಸ್ಕೋತ ಇರ್ರಿ, ಬದುಕತೈತಿ.”

ಅವಳು ನನ್ನ ಅಂಗಡಿಯಿಂದಲೇ ಕುಸುಬಿ ಎಣ್ಣೆ ಒಯ್ದಳು. “ಗಂಡಗ ಎಣ್ಣಿ-ನೀರ ಹಾಕಲಿಲ್ಲ, ನಾಯಿಗೆ ಹಾಕಾಕತ್ತಾಳ!” ಎಂದು ಕಟ್ಟೆಯ ಮೇಲಿನ ಸೋಮಾರಿಗಳು ನಕ್ಕರು. ಎಲುಬಿಲ್ಲದ ನಾಲಗೆ, ಎತ್ತ ಬೇಕಾದರೂ ಹೊರಳುತ್ತದೆ. ಅವಳು ಮಾತ್ರ ತಿಕ್ಕುವುದು ಬಿಡಲಿಲ್ಲ. ನಾತ ಹೋಯಿತು, ಕುತ್ತಿಗೆಯ ಮೇಲೆ ಹೊಸ ಕೂದಲು ಕಂಡಿತು.

ಆಗಲೇ ತಿಕೋಟಾದಲ್ಲಿ ಮಗಳ ಕೂಸಿನ ತೊಟ್ಟಿಲ ಕಾರ್ಯ ಬಂತು. ಬೇರೆ ದಾರಿಯಿಲ್ಲದೆ ಮೈದುನನಿಗೇ ಹೇಳಿದಳು: “ಬಾಟ್ಲಿ ಇಲ್ಲೈತಿ. ಭೈರ್ಯಾಗ ಎಣ್ಣಿ ಹಚ್ಚು.”

ಮರುದಿನ ತಿರುಗಿ ಬಂದಾಗ ಭೈರ್ಯಾ ದೊಡ್ಡಿಯ ಬಾಗಿಲಲ್ಲಿ ಸತ್ತು ಬಿದ್ದಿತ್ತು. ಮೈಯೆಲ್ಲ ಕರಿ, ಬಾಯಲ್ಲಿ ನೊರೆ. ಸುದ್ದಿ ಕೇಳಿ ನಾನೂ ಓಡಿದೆ. ಅವಳು ಬಗ್ಗಿ ನಾಯಿಯ ಮೈ ಮುಟ್ಟಿ ಬೆರಳು ಮೂಸಿದಳು.

ರೇವಪ್ಪ ಬಬಲೇಶ್ವರದ ಗ್ಯಾರೇಜಿನಿಂದ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಡಬ್ಬಿಯಲ್ಲಿ ತಂದು ಬಳಿದಿದ್ದ. ಹುರುಕಿಗೆ ನಮ್ಮವರ ಮದ್ದು ಅದೇ! ಹಚ್ಚಿಸಿಕೊಂಡ ನಾಯಿ ಮೈ ನೆಕ್ಕದೆ ಇರುತ್ತದೆಯೇ? ಕುಸುಬಿ ಎಣ್ಣೆಯ ಬಾಟಲಿಯ ಮುಚ್ಚಳವನ್ನೂ ಆ ಭಾಡ್ಯಾ ತೆಗೆದಿರಲಿಲ್ಲ.

“ನೀನ ಎಣ್ಣಿ ಹಚ್ಚು ಅಂದಿ, ಹಚ್ಚೇನಿ. ಮದ್ದದು. ನನಗೇನ ಗೊತ್ತಿತ್ತು ಸಾಯತೈತಂತ?” ಎಂದ.

ಮಲಕವ್ವ ಡಬ್ಬಿ ಎತ್ತಿ ಉಳಿದ ಆಯಿಲನ್ನು ಅವನ ಎರಡೂ ಕೈಗಳ ಮೇಲೆ ಸುರಿದಳು.

“ಮದ್ದ ಹೌದಲ್ಲ? ನೆಕ್ಕು. ನೆಕ್ಕಲೇ!”

ಊರೆಲ್ಲ ನೋಡುತ್ತ ನಿಂತಿತ್ತು, ಯಾರೂ ನಗಲಿಲ್ಲ. ರೇವಪ್ಪ ಕೈಗಳನ್ನು ದೂರ ಚಾಚಿಕೊಂಡು ನಿಂತ. ತುಟಿಯ ಮೇಲೆ ನೊಣ ಕೂತರೂ ಓಡಿಸಲು ಆ ಕೈಯನ್ನು ಬಾಯಿಯ ಹತ್ತಿರ ತರಲಿಲ್ಲ.

“ಗೊತ್ತೈತಿ ನಿನಗ,” ಎಂದು ಮಲಕವ್ವ ದೊಡ್ಡಿಯೊಳಗೆ ಹೋಗಿ ತನ್ನ ಕುರಿಗಳನ್ನು ಬೇರೆ ಮಾಡತೊಡಗಿದಳು.